ಬಾಣಂತಿಗೆ ಪಥ್ಯವೋ, ಊಟವೋ?

‘ಬಿ1 ಜೀವಸತ್ವದ ಕೊರತೆಯಿಂದ ಬರುವ ರೋಗ ಯಾವುದು?’ ಒಂದು ಅಂಕದ ಈ ಪ್ರಶ್ನೆಗೆ ‘ಬೆರಿಬೆರಿ’ ಎಂದು ಬರೆದು ವಿದ್ಯಾರ್ಥಿಗಳು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಪರೀಕ್ಷೆಯೊಂದಿಗೆ ಆ ಪಾಠವೂ ಮುಗಿಯುತ್ತದೆ. ಆದರೆ ಅಕ್ಕನೋ ಅತ್ತಿಗೆಯೋ ಮನೆಯಲ್ಲಿ ಬಾಣಂತಿಯಾಗಿದ್ದರೆ ಆ ಪುಟವನ್ನು ಮತ್ತೊಮ್ಮೆ ತೆರೆಯುವುದು ಒಳ್ಳೆಯದು.

ನಮ್ಮ ಬಾಣಂತನದ ಪದ್ಧತಿಯಲ್ಲಿ ಮೆಚ್ಚಬೇಕಾದದ್ದು ಬಹಳ ಇದೆ. ಹೆರಿಗೆಯ ನಂತರ ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರ ಬೇಕು. ಹೊಲಿಗೆ ಮಾಯಬೇಕು, ಹೋದ ರಕ್ತ ತುಂಬಿಕೊಳ್ಳಬೇಕು. ತವರಿನಲ್ಲಿ ಸಿಗುವ ವಿಶ್ರಾಂತಿ, ಎಣ್ಣೆನೀರು, ಬಿಸಿ ಊಟ ಇವೆಲ್ಲ ಅದಕ್ಕೆ ನೆರವಾಗುತ್ತವೆ.

ತೊಂದರೆ ಇರುವುದು ಅತಿಯಾದ ಪಥ್ಯದಲ್ಲಿ. ಕಾಳು ವಾಯು, ಹಣ್ಣು ಶೀತ, ಸೊಪ್ಪು ತಿಂದರೆ ಮಗುವಿಗೆ ಭೇದಿ, ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಒಂದೊಂದನ್ನೇ ಬಿಡಿಸುತ್ತಾ ಹೋದರೆ ತಟ್ಟೆಯಲ್ಲಿ ಉಳಿಯುವುದು ಬಿಳಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕಿಲೊಕ್ಯಾಲರಿ ಹೆಚ್ಚು ಆಹಾರ ಬೇಕು. ಇದು ಗರ್ಭಿಣಿಗೆ ಬೇಕಾದ ಹೆಚ್ಚುವರಿಗಿಂತಲೂ ಜಾಸ್ತಿ. ಊಟ ಹೆಚ್ಚಬೇಕಾದ ಕಾಲದಲ್ಲೇ ನಾವು ಅದನ್ನು ಕಡಿಮೆ ಮಾಡುತ್ತೇವೆ!

ಅಕ್ಕಿಯನ್ನು ಪಾಲಿಶ್ ಮಾಡಿದಾಗ ತೌಡಿನೊಂದಿಗೆ ಬಿ1 ಜೀವಸತ್ವದ ಬಹುಪಾಲು ಹೊರಟುಹೋಗುತ್ತದೆ. ಉಳಿದದ್ದರಲ್ಲೂ ಒಂದಿಷ್ಟು ಅಕ್ಕಿ ತೊಳೆದ ನೀರಿನಲ್ಲಿ, ಬಸಿದ ಗಂಜಿಯಲ್ಲಿ ಹರಿದುಹೋಗುತ್ತದೆ. ದೇಹದಲ್ಲಿ ಇದರ ದಾಸ್ತಾನು ಕೆಲವು ವಾರಗಳಿಗಷ್ಟೇ ಸಾಕು. ತಾಯಿಯಲ್ಲಿ ಕೊರತೆಯಾದರೆ ಹಾಲಿನಲ್ಲೂ ಕೊರತೆ. ಆಗ ಎರಡು ಮೂರು ತಿಂಗಳ ಕೂಸು ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ನರಳುತ್ತದೆ, ಏದುಸಿರು ಬಿಡುತ್ತದೆ, ಹೃದಯವೇ ಸೋಲಬಹುದು. ಪಥ್ಯದಲ್ಲಿದ್ದ ತಾಯಂದಿರ ಶಿಶುಗಳಲ್ಲಿ ಕರ್ನಾಟಕದ ವೈದ್ಯರೂ ಇದನ್ನು ಕಂಡಿದ್ದಾರೆ. ಸಕಾಲದಲ್ಲಿ ಗುರುತಿಸಿ ಬಿ1 ಚುಚ್ಚುಮದ್ದು ಕೊಟ್ಟರೆ ಮಗು ಬೇಗನೆ ಚೇತರಿಸಿಕೊಳ್ಳುತ್ತದೆ. ತಡವಾದರೆ ಜೀವಕ್ಕೇ ಅಪಾಯ.

ಇದನ್ನು ತಪ್ಪಿಸಲು ದುಬಾರಿ ಟಾನಿಕ್ ಬೇಕಿಲ್ಲ. ತೊಗರಿಬೇಳೆ, ಹೆಸರುಕಾಳು, ರಾಗಿ, ಎಳ್ಳು, ಕಡಲೆಕಾಯಿ, ಸೊಪ್ಪು, ಹಣ್ಣು ದಿನವೂ ಇರಲಿ. ತಿನ್ನುವವರಿಗೆ ಮೊಟ್ಟೆ, ಮೀನು, ಮಾಂಸವೂ ಆಗಬಹುದು. ಕುಚ್ಚಲಕ್ಕಿಯಲ್ಲಿ ಬೆಳ್ತಿಗೆಗಿಂತ ಹೆಚ್ಚು ಬಿ1 ಉಳಿದಿರುತ್ತದೆ. ಬಾಯಾರಿದಾಗಲೆಲ್ಲ ಕಾಯಿಸಿ ಆರಿಸಿದ ನೀರು ಕೊಡಿ. ಹೆರಿಗೆಯ ನಂತರ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪಿಸಬೇಡಿ.

ಬಾಣಂತಿಗೆ ಜ್ವರ, ಅತಿ ರಕ್ತಸ್ರಾವ, ದುರ್ವಾಸನೆಯ ಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಉಸಿರಾಟದ ಕಷ್ಟ, ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಇವುಗಳಲ್ಲಿ ಯಾವುದು ಕಂಡರೂ ಕಷಾಯ ಮಾಡುತ್ತಾ ಕೂಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಹಜ. ಎರಡು ವಾರ ಕಳೆದರೂ ಮಂಕುತನ ಹೋಗದಿದ್ದರೆ ಅದೂ ಕಾಯಿಲೆಯೇ. ಅದಕ್ಕೂ ಚಿಕಿತ್ಸೆ ಇದೆ. ಆಶಾ ಕಾರ್ಯಕರ್ತೆ 42ನೆಯ ದಿನದವರೆಗೆ ಆಗಾಗ ಮನೆಗೆ ಬರುತ್ತಾರೆ. ಬಾಗಿಲಲ್ಲೇ ಮಾತಾಡಿಸಿ ಕಳಿಸದೆ, ಅವರು ಬಾಣಂತಿಯೊಡನೆ ಕುಳಿತು ಮಾತಾಡಲಿ.

ವಿದ್ಯಾರ್ಥಿಗಳೇ, ಅಜ್ಜಿಯೊಡನೆ ವಾದಕ್ಕಿಳಿಯಬೇಡಿ. ಪಥ್ಯ ಹಾಕುವವರೂ ತಾಯಿ ಮಗು ಚೆನ್ನಾಗಿರಲೆಂದೇ ಹಾಕುತ್ತಾರೆ. ಪುಸ್ತಕದ ಆ ಪುಟವನ್ನು ಗಟ್ಟಿಯಾಗಿ ಓದಿ ಹೇಳಿ. ಮೆಣಸಿನ ಸಾರಿಗೆ ಒಂದು ಹಿಡಿ ಬೇಳೆ ಹೆಚ್ಚು ಬಿದ್ದರೂ ನಿಮ್ಮ ಓದು ಸಾರ್ಥಕ.