ಒಂಟಿ ಪಿನ್ನಿನ ಮೈಕು

ಮಕ್ಕಳೇ, ಈ ವಾರ ನನ್ನ ಕೈಗೆ ಬಂದದ್ದು ಹಳೆಯ ಕ್ರಿಸ್ಟಲ್ ಮೈಕು. ಅದರ ಕನೆಕ್ಟರು ತಿರುಪಿ ಕೂರಿಸುವ ಒಂಟಿ ಪಿನ್ನಿನದು. ಈಗಿನ ವೈರು ಹೊಂದದು. “ಅದನ್ನು ಕಿತ್ತು ಹೊಸದು ಹಾಕಿ” ಎಂದರು ಯಜಮಾನರು. ನಾನು ಒಪ್ಪಲಿಲ್ಲ.

ಒಳಗಿರುವುದು ರೋಶೆಲ್ ಉಪ್ಪಿನ ಹರಳು. ದನಿ ಅದನ್ನು ಅದುಮಿದರೆ ವಿದ್ಯುತ್ ಹುಟ್ಟುತ್ತದೆ. 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದ ಗುಣವಿದು. ಆದರೆ ಸುಮಾರು 55 ಡಿಗ್ರಿ ಸೆಲ್ಸಿಯಸ್ ಕಾವಿಗೇ ಹರಳು ಕೆಡುತ್ತದೆ. ಸೋಲ್ಡರಿಂಗ್ ಐರನ್ನಿನ ಕಾವು ಅದರ ಹಲವು ಪಟ್ಟು!

ಅದಕ್ಕೇ ಗುಜರಿಯಲ್ಲಿ ಸಿಕ್ಕಿದ ಜೋಡಿ ಕನೆಕ್ಟರಿಗೆ, ಮೈಕನ್ನು ದೂರವಿಟ್ಟು, ವೈರು ಬೆಸೆದೆ: ಒಳತಂತಿ ನಡುವಿನ ಬಿಂದುವಿಗೆ, ಸುತ್ತಲ ಜಾಲರಿ ಲೋಹದ ಕವಚಕ್ಕೆ. ಇನ್ನೊಂದು ತುದಿಯಲ್ಲಿ ಒಳತಂತಿ ಕಾಲಿಂಚಿನ ಪ್ಲಗ್ಗಿನ ಮೂತಿಗೆ, ಜಾಲರಿ ಅದರ ಕವಚಕ್ಕೆ. ತಣಿದ ಮೇಲೆ ಮೈಕಿಗೆ ತಿರುಪಿದೆ. ಹರಳೂ ಉಳಿಯಿತು, ದನಿಯೂ ಬಂತು.

ನೀವು ಬೆಸೆಯುವಾಗ ದೊಡ್ಡವರು ಜೊತೆಗಿರಲಿ.