ಎಂಜಿನ್ನಿನ ಕೂಗು, ಪೆಟ್ರೋಲಿನ ಲೆಕ್ಕ

ಎಕ್ಸಲೇಟರು ತಿರುಚಿ ಎಂಜಿನ್ನನ್ನು ಕೂಗಿಸುವುದೇ ಶೌರ್ಯವೆಂದು ಹಿಂದೂಪುರದಲ್ಲೂ ಕಲ್ಯಾಣದುರ್ಗದಲ್ಲೂ ಕೆಲವು ತರುಣರು ನಂಬಿದ್ದಾರೆ. ಆ ಕೂಗಿಗೆ ಹಣ ತೆರುವವರು ಮಾತ್ರ ಮನೆಯ ಹಿರಿಯರು.

ಇದರ ಲೆಕ್ಕ ತಿಳಿಯಲು ಜಪಾನಿನ ಮಾಜ್ದಾ ಕಂಪೆನಿಯು 1991ರಿಂದ 2002ರವರೆಗೆ ತಯಾರಿಸಿದ ಆರ್‌ಎಕ್ಸ್-7 ಎಂಬ ಕಾರನ್ನು ನೋಡೋಣ. ಅದರ ಎಂಜಿನ್ನಿನಲ್ಲಿ ಪಿಸ್ಟನ್ನೇ ಇಲ್ಲ! ತ್ರಿಕೋನಾಕಾರದ ಎರಡು ರೋಟರುಗಳು ಗೂಡಿನೊಳಗೆ ತಿರುಗುತ್ತವೆ. ಗಾತ್ರ ಬರೀ 1.3 ಲೀಟರು. ಆದರೆ ಸಾಧಾರಣ ಕಾರಿನ ಒಂದು ಸಿಲಿಂಡರು ಎರಡು ಸುತ್ತಿಗೊಮ್ಮೆ ಇಂಧನ ಉರಿಸಿದರೆ, ಇಲ್ಲಿ ಒಂದೊಂದು ರೋಟರೂ ಎಂಜಿನ್ನಿನ ಪ್ರತಿ ಸುತ್ತಿಗೂ ಉರಿಸುತ್ತದೆ. ನಿಮಿಷಕ್ಕೆ ಸುಮಾರು 4500 ಸುತ್ತು ದಾಟಿದಾಗ ಎರಡನೆಯ ಟರ್ಬೋ ಸಹ ಸೇರಿ ಗಾಳಿ ತುರುಕುತ್ತದೆ. ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲು. ಹಾಗೆಂದು ಸುತ್ತು ತೀರ ಕಡಿಮೆಯಾದರೂ ಲಾಭವಿಲ್ಲ. ಅದರ ಉದ್ದನೆಯ ಉರಿಕೋಣೆಯಲ್ಲಿ ಶಾಖವು ಗೋಡೆಗೆ ಸೋರಿ, ಇಂಧನ ಅರೆಬರೆ ಉರಿಯುತ್ತದೆ.

ಅಷ್ಟು ದೂರವೇಕೆ? ಹಿಂದೂಪುರದ ಸಮೀಪದ ಪೆನುಕೊಂಡದಲ್ಲಿ 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿವೆ. ಅಲ್ಲಿಂದ ಮೊದಲು ಹೊರಬಂದ ಸೆಲ್ಟೋಸಿನ 1.4 ಲೀಟರಿನ ಟರ್ಬೋ ಎಂಜಿನ್ನು 1500 ಸುತ್ತಿಗೇ ಪೂರ್ಣ ಎಳೆತ ಕೊಡುತ್ತಿತ್ತು. ಊರೊಳಗೆ ಅದನ್ನು 5000ಕ್ಕೆ ಏರಿಸುವುದು, ನಮ್ಮ ಅಭಿಪ್ರಾಯದಲ್ಲಿ, ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದಂತೆ. ಗೇರು ಏರಿಸಿದರೆ ವೇಗ ಅದೇ, ಸುತ್ತು ಕಡಿಮೆ. ದಿಣ್ಣೆ ಹತ್ತುವಾಗ ಎಂಜಿನ್ನು ನಡುಗಿದರೆ ಮಾತ್ರ ಗೇರು ಇಳಿಸಲೇಬೇಕು. ಅಲ್ಲಿ ಜಿಪುಣತನ ಬೇಡ.

ಮಕ್ಕಳಿಗೆ ಲೈಸೆನ್ಸು ಬಂದ ದಿನ ಪೋಷಕರು ಮೊದಲು ಈ ಗೇರಿನ ಪಾಠವನ್ನೇ ಹೇಳಿಕೊಡಲಿ. ಅದಕ್ಕೆ ಮುಂಚೆ ಬೀಗದ ಕೈ ಕೊಡುವುದು ಬೇಡವೇ ಬೇಡ.