ಅಭಿಮಾನ: ಏಕಮುಖ ಸಂಬಂಧವೊಂದರ ಸ್ವರೂಪ

ಚೆನ್ನೈನ ಮರೀನಾ ಕಡಲ ದಂಡೆಯಲ್ಲಿರುವ ಎಂ.ಜಿ. ರಾಮಚಂದ್ರನ್ ಅವರ ಸಮಾಧಿಗೆ ಬರುವವರಲ್ಲಿ ಅನೇಕರು ಕಲ್ಲಿಗೆ ಕಿವಿಯೊಡ್ಡಿ ನಿಲ್ಲುತ್ತಾರೆ. ಅವರ ದೇಹದೊಡನೆ ಮಣ್ಣಾದ ಕೈಗಡಿಯಾರ ಇನ್ನೂ ನಡೆಯುತ್ತಿದೆ, ಅದರ ಸದ್ದು ಕೇಳಿಸುತ್ತದೆ ಎಂಬುದು ಜನರ ನಂಬಿಕೆ. ಅವರು ತೀರಿಕೊಂಡದ್ದು 1987ರ ಡಿಸೆಂಬರ್ 24ರಂದು. ಹೀಗೆ ಕಿವಿಗೊಡುವವರನ್ನು ಕಂಡು ಓದಿದವರು ನಗುವುದುಂಟು. ಮದರಾಸು ವಿಶ್ವವಿದ್ಯಾಲಯದ ಕಟ್ಟಡಗಳು ಅಲ್ಲಿಂದ ದೂರವೇನಿಲ್ಲ. ಆದರೂ ಭಕ್ತಿಯನ್ನು ಕುರಿತು ಕಪಾಟುಗಟ್ಟಲೆ ಬರೆದಿರುವ ಕನ್ನಡ ವಿದ್ವತ್ತು ಅಭಿಮಾನಿಯನ್ನು ತನ್ನ ಅಧ್ಯಯನದ ಹೊರಗೇ ನಿಲ್ಲಿಸಿದೆ.

ಪಾಶ್ಚಾತ್ಯ ಮನಶ್ಶಾಸ್ತ್ರದಲ್ಲಿ ಈ ಬಗೆಯ ಸಂಬಂಧಕ್ಕೆ ಮೊದಲು ಹೆಸರಿಟ್ಟವರು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್. ರೇಡಿಯೊ, ದೂರದರ್ಶನಗಳ ನಿರೂಪಕರನ್ನು ಪ್ರೇಕ್ಷಕರು ತಮ್ಮ ಮನೆಯವರೆಂಬಂತೆ ಕಾಣುವುದನ್ನು ಅವರು 1956ರ ಲೇಖನವೊಂದರಲ್ಲಿ ಚರ್ಚಿಸಿದರು. ಒಬ್ಬ ಬಲ್ಲ, ಇನ್ನೊಬ್ಬ ಅರಿಯ. ಆದರೂ ಅಲ್ಲೊಂದು ಆಪ್ತತೆಯಿದೆ. ಇದನ್ನು ಅವರು ರೋಗವೆಂದು ಕರೆಯಲಿಲ್ಲವೆಂಬುದನ್ನು ಗಮನಿಸಬೇಕು. ನಿಜವಾದ ಒಡನಾಟದ ಸ್ಥಾನವನ್ನೇ ಅದು ಆಕ್ರಮಿಸಿಕೊಂಡಾಗ ಮಾತ್ರ ಅವರಿಗೆ ಆತಂಕ.

ಈ ಸಿದ್ಧಾಂತವನ್ನು ಹಾಗೆಯೇ ತಂದು ಚೆನ್ನೈಗೆ ಅನ್ವಯಿಸಿದರೆ ಎಡವುವುದು ಖಂಡಿತ. ಅಮೆರಿಕದ ಆ ಪ್ರೇಕ್ಷಕ ತನ್ನ ಕೋಣೆಯಲ್ಲಿ ಒಬ್ಬಂಟಿ; ತಮಿಳುನಾಡಿನ ಅಭಿಮಾನಿ ಎಂದೂ ಒಬ್ಬಂಟಿಯಲ್ಲ. ಅವನಿಗೆ ರಸಿಗರ್ ಮನ್ರಂ ಇದೆ, ಅದರ ಬಾವುಟವಿದೆ, ಬೀದಿಯ ಗೆಳೆಯರಿದ್ದಾರೆ. ಮದುರೆಯ ಬಡ ಪ್ರೇಕ್ಷಕರನ್ನು ಕುರಿತ ಸಾರಾ ಡಿಕಿಯವರ 1993ರ ಕೃತಿ ಈ ಸಾಮುದಾಯಿಕ ಮುಖವನ್ನು ಸೊಗಸಾಗಿ ತೋರಿಸುತ್ತದೆ. ತಾರೆಯೊಡನೆ ಇಲ್ಲದ ಸಂಬಂಧವೇ ಇರುವವರೊಡನೆ ಸಂಬಂಧ ಬೆಸೆಯುವ ನೆಪವಾಗುತ್ತದೆ. ಹುಚ್ಚು ಎಂಬ ಮಾತು ಇದನ್ನು ವಿವರಿಸಲಾರದು.

ಹಾಗೆಂದು ಇದನ್ನು ಮುಗ್ಧ ಪ್ರೀತಿಯೆಂದು ಕೊಂಡಾಡುವುದೂ ಸರಿಯಲ್ಲ. 1967ರ ಜನವರಿ 12ರಂದು ನಟ ಎಂ.ಆರ್. ರಾಧಾ ಗುಂಡು ಹಾರಿಸಿ ಎಂ.ಜಿ.ಆರ್. ಗಾಯಗೊಂಡಾಗ, ಕುತ್ತಿಗೆಗೆ ಪಟ್ಟಿ ಕಟ್ಟಿದ ಅವರ ಚಿತ್ರ ಅದೇ ವರ್ಷದ ಚುನಾವಣೆಯ ಭಿತ್ತಿಪತ್ರವಾಯಿತು. ಗಾಯಕ್ಕೆ ಮರುಗಿದ ಮನಸ್ಸು ಮತವಾಯಿತು. 1977ರಿಂದ ಸಾಯುವವರೆಗೆ, ನಡುವೆ ಕೆಲವೇ ತಿಂಗಳು ಬಿಟ್ಟು, ಅವರೇ ಮುಖ್ಯಮಂತ್ರಿ. ಅವರ ಆಡಳಿತದಿಂದ ಬಡವರಿಗೆ ದಕ್ಕಿದ್ದು ಅಲ್ಪವಾದರೂ ಬಡವರೇಕೆ ಅವರನ್ನು ಬಿಡಲಿಲ್ಲ ಎಂಬ ಪ್ರಶ್ನೆಯನ್ನು ಎಂ.ಎಸ್.ಎಸ್. ಪಾಂಡಿಯನ್ ತಮ್ಮ 1992ರ ಪುಸ್ತಕದಲ್ಲಿ ನಿಷ್ಠುರವಾಗಿ ಎತ್ತಿದರು. ಪ್ರೀತಿ ಏಕಮುಖವಾದರೂ ಲಾಭಕ್ಕೆ ಒಡೆಯರಿದ್ದರು.

ಇದರ ಅತ್ಯಂತ ಕ್ರೂರ ರೂಪ ಕಂಡದ್ದು 2016ರ ಡಿಸೆಂಬರ್‌ನಲ್ಲಿ. ಮೇಲುಕೋಟೆಯಲ್ಲಿ ಹುಟ್ಟಿ, 1964ರ ‘ಚಿನ್ನದ ಗೊಂಬೆ’ಯಲ್ಲಿ ಕನ್ನಡಿಗರಿಗೆ ನಾಯಕಿಯಾಗಿ ಕಾಣಿಸಿಕೊಂಡಿದ್ದ ಜಯಲಲಿತಾ ನಿಧನರಾದರು. ದುಃಖದ ಆಘಾತದಿಂದ ಸತ್ತವರೆಂದು ಅವರ ಪಕ್ಷ ನೂರಾರು ಹೆಸರುಗಳನ್ನು ಪ್ರಕಟಿಸಿತು, ಪ್ರತಿ ಕುಟುಂಬಕ್ಕೂ 3 ಲಕ್ಷ ರೂಪಾಯಿ ಘೋಷಿಸಿತು. ಅವರಲ್ಲಿ ಯಾರು ದುಃಖದಿಂದ ಸತ್ತರು, ಯಾರು ವಯಸ್ಸಿನಿಂದ, ಯಾರು ಕಾಯಿಲೆಯಿಂದ ಎಂಬುದನ್ನು ಪಟ್ಟಿ ಹೇಳಲಾರದು. ಬಡ ಕುಟುಂಬಕ್ಕೆ ಆ ಹಣ ಬೇಕಿತ್ತು, ಅದನ್ನು ಆಕ್ಷೇಪಿಸುವವರು ಯಾರು? ಆಕ್ಷೇಪಿಸಬೇಕಾದ್ದು ಎಣಿಕೆಯನ್ನು. ಬದುಕಿರುವಾಗ ಹೆಸರಿಲ್ಲದ ಅಭಿಮಾನಿಗೆ ಪಕ್ಷ ಹೆಸರು ಕೊಟ್ಟದ್ದು ಸತ್ತ ಮೇಲೆ. ಅದೂ ನಾಯಕಿಯ ಮಹಿಮೆಗೆ ಪುರಾವೆಯಾಗಿ. ಸಾವಿಗೆ ಗೌರವ ಸಿಗುತ್ತದೆಂದು ಸಾರುವ ಇಂಥ ಪಟ್ಟಿ, ಮನಸ್ಸು ಕುಸಿದ ಇನ್ನೊಬ್ಬನಿಗೆ ಏನನ್ನು ಸೂಚಿಸೀತು ಎಂಬ ಯೋಚನೆ ಪ್ರಕಟಿಸಿದವರಿಗೆ ಬಂದಂತಿಲ್ಲ.

ಕನ್ನಡನಾಡು ಇದನ್ನು ನೋಡಿ ನಿಟ್ಟುಸಿರಿಟ್ಟು ಸುಮ್ಮನಿರುವಂತಿಲ್ಲ. ಡಾ. ರಾಜಕುಮಾರ್ ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳೇ’ ಎಂದು ಕರೆದರು. ದೇವರ ಪೀಠದಲ್ಲಿದ್ದವರು ಕೆಳಗಿಳಿದು ಭಕ್ತನನ್ನೇ ಅಲ್ಲಿ ಕೂರಿಸಿದ ಈ ಮಾತಿನ ವಿನಯ ಅಸಾಮಾನ್ಯವಾದದ್ದು. ಆದರೆ 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರು ಹೊತ್ತಿ ಉರಿಯಿತು. ಪೊಲೀಸ್ ಪೇದೆಯೊಬ್ಬರೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ವಿನಯದ ಸಂಬೋಧನೆ ಸಂಬಂಧವನ್ನು ದ್ವಿಮುಖವಾಗಿಸಲಿಲ್ಲ.

ಭಕ್ತಿಯೊಡನೆ ಹೋಲಿಸುವುದು ಸುಲಭ. ಹಾಗೆ ಹೋಲಿಸುವವರು ಒಂದು ವ್ಯತ್ಯಾಸವನ್ನು ಮರೆಯುತ್ತಾರೆ. ಮರುಮಾತಾಡದ ಚೆನ್ನಮಲ್ಲಿಕಾರ್ಜುನನನ್ನು ಒಲಿದ ಅಕ್ಕನ ಪ್ರೀತಿಯೂ ಲೋಕದ ಕಣ್ಣಿಗೆ ಏಕಮುಖವೇ. ಆದರೆ ಆ ಮೌನದೆದುರು ಅಕ್ಕ ತನ್ನದೇ ನುಡಿಯನ್ನು ಕಟ್ಟಿಕೊಂಡಳು. ದಾಸರು ನಿಂದಾಸ್ತುತಿಯಲ್ಲಿ ದೇವರನ್ನು ಹಂಗಿಸಿದರು. ಅಭಿಮಾನಿಗಾದರೋ ನುಡಿಯೂ ಮೇಲಿನಿಂದಲೇ ಬರುತ್ತದೆ. ನಾಯಕನ ಸಂಭಾಷಣೆಯನ್ನೇ ಅವನು ನಾಯಕನಿಗೆ ಒಪ್ಪಿಸುತ್ತಾನೆ. ಹಂಗಿಸುವ ಹಕ್ಕನ್ನು ಮಾತ್ರ ಅವನು ಪೂರ್ತಿ ಬಿಟ್ಟುಕೊಟ್ಟಿಲ್ಲ. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದು ಮದರಾಸಿಗೆ ಹೋಗಿ ತಾರೆಯಾದ ರಜನೀಕಾಂತ್, ಪಕ್ಷ ಕಟ್ಟುವುದಿಲ್ಲವೆಂದು 2020ರ ಡಿಸೆಂಬರ್ 29ರಂದು ತಿಳಿಸಿದಾಗ, ಕೆಲವೇ ದಿನಗಳಲ್ಲಿ ಅಭಿಮಾನಿಗಳು ಚೆನ್ನೈನ ವಳ್ಳುವರ್ ಕೋಟ್ಟಂನಲ್ಲಿ ಸೇರಿ ನಿರ್ಧಾರ ಬದಲಿಸುವಂತೆ ಹಟ ಹಿಡಿದರು. ತಮ್ಮನ್ನು ನೋಯಿಸಬಾರದೆಂದು ತಾರೆಯೇ ಬೇಡಿಕೊಳ್ಳಬೇಕಾಯಿತು. ದಶಕಗಳಿಂದ ಕೊಟ್ಟದ್ದಕ್ಕೆ ಅಭಿಮಾನಿಗಳು ಮೊದಲ ಬಾರಿಗೆ ಲೆಕ್ಕ ಕೇಳಿದ್ದರು.

ಕನ್ನಡ ಚಿತ್ರಗಳು ಬಹುತೇಕ ಮದರಾಸಿನಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಕರ್ನಾಟಕದ ಊರೂರುಗಳಿಂದ ಅಭಿಮಾನಿಗಳು ನಟನಟಿಯರಿಗೆ ಕಾಗದ ಬರೆಯುತ್ತಿದ್ದರು. ಆ ಕಾಗದಗಳಲ್ಲಿ ಸಿನಿಮಾದ ಮಾತು ಎಷ್ಟಿತ್ತು, ಬರೆದವರ ಸ್ವಂತ ಸಂಸಾರದ ಮಾತು ಎಷ್ಟಿತ್ತು? ವಚನಗಳ ಓಲೆಗರಿಗಾಗಿ ಮಠಮಠ ಅಲೆದ ನಮ್ಮ ಸಂಶೋಧಕರು ಆ ಕಾಗದಗಳನ್ನು ಹುಡುಕಿಕೊಂಡು ಕೋಡಂಬಾಕ್ಕಂಗೆ ಹೋಗಬೇಕಿತ್ತು. ಕೆಲವು ಟ್ರಂಕುಗಳು ಈಗಲೂ ಯಾವುದಾದರೂ ಮನೆಯ ಅಟ್ಟದ ಮೇಲೆ ಇದ್ದಾವು.